ಹೊಸಬರಿಗಾಗಿ ಒಂದು ಸಣ್ಣ ಪತ್ರಿಕೆ: ವರ್ಷಕ್ಕೆ ಎರಡೇ ಸಂಚಿಕೆ ಸಾಕು

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಮೂವರು ಗೆಳೆಯರು. ಒಬ್ಬರು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ, ಒಬ್ಬ ಡಿಟಿಪಿ ಅಂಗಡಿ ಇಟ್ಟಿದ್ದಾನೆ, ನಾನು ಬ್ಯಾಂಕಿನಲ್ಲಿದ್ದೇನೆ. ಹೊಸದಾಗಿ ಬರೆಯುವವರಿಗಾಗಿಯೇ ಒಂದು ತ್ರೈಮಾಸಿಕ ತರಬೇಕೆಂದಿದ್ದೇವೆ. ಕೈಯಲ್ಲಿ 60,000 ರೂಪಾಯಿ ಇದೆ. ನೋಂದಣಿ ಮಾಡಿಸಬೇಕೇ? ಅಚ್ಚು ಬೇಕೇ, ಆನ್‌ಲೈನ್ ಸಾಕೇ? ಬರೆದವರಿಗೆ ದುಡ್ಡು ಕೊಡಬೇಕೇ? ಮೊದಲ ಸಂಚಿಕೆಯಲ್ಲಿ ದೊಡ್ಡ ಸಾಹಿತಿಗಳ ಹೆಸರಿಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ:

ತ್ರೈಮಾಸಿಕ ಬೇಡ. ವರ್ಷಕ್ಕೆ ಎರಡು ಸಂಚಿಕೆ ಮಾಡಿ. ಎರಡು ವರ್ಷ, ನಾಲ್ಕು ಸಂಚಿಕೆ ಅಂತ ಈಗಲೇ ತೀರ್ಮಾನಿಸಿ. ಅದನ್ನು ಚಂದಾದಾರರಿಗೂ ಹೇಳಿಬಿಡಿ. ಮುಂದುವರಿಸುವ ಮಾತೆಲ್ಲ ನಾಲ್ಕನೆಯದು ಬಂದ ಮೇಲೆ.

ಉತ್ಸಾಹಕ್ಕೆ ತಣ್ಣೀರು ಹಾಕುತ್ತಿದ್ದೇನೆ ಅನ್ನಿಸಬಹುದು. ಆದರೆ ಹೊಸಬರ ಪತ್ರಿಕೆಯಲ್ಲಿ ಜಾಸ್ತಿ ಸಮಯ ತಿನ್ನುವ ಕೆಲಸ ಅಚ್ಚಿನದಲ್ಲ. ಬಂದದ್ದನ್ನು ಓದಬೇಕು. ಬರೆದವರ ಜೊತೆ ಮಾತಾಡಬೇಕು. ತಿದ್ದಿಸಬೇಕು, ತಿದ್ದಿ ಕಳಿಸಿದ್ದನ್ನು ಮತ್ತೆ ಓದಬೇಕು. ಮೂರು ತಿಂಗಳಿಗೊಂದು ಸಂಚಿಕೆ ಅಂತ ಹೊರಟರೆ ಮೊದಲು ಕೈಬಿಟ್ಟು ಹೋಗುವುದು ಇದೇ. ಪುಟ ತುಂಬಿಸುವುದೇ ಚಿಂತೆಯಾಗುತ್ತದೆ. ಬಂದದ್ದನ್ನೆಲ್ಲ ಹಾಕಿದ ಪತ್ರಿಕೆಯನ್ನು ಅದರಲ್ಲಿ ಬರೆದವರು ಮಾತ್ರ ಓದುತ್ತಾರೆ. ಅವರೂ ತಮ್ಮ ಪುಟ ಮಾತ್ರ ಓದುತ್ತಾರೆ.

ಕನ್ನಡದಲ್ಲಿ ಓದುಗರು ನೆನಪಿಟ್ಟುಕೊಂಡ ಸಣ್ಣ ಪತ್ರಿಕೆಗಳನ್ನು ನೋಡಿ. ಅಡಿಗರ ‘ಸಾಕ್ಷಿ’ ನವ್ಯದವರ ಪತ್ರಿಕೆ. ‘ಸಂಕ್ರಮಣ’ವನ್ನು 1964ರಲ್ಲಿ ಧಾರವಾಡದಲ್ಲಿ ಶುರು ಮಾಡಿದವರು ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ. ನಿಮ್ಮ ಹಾಗೆಯೇ ಮೂವರು ಗೆಳೆಯರು, ಇಪ್ಪತ್ತೈದರ ಆಸುಪಾಸಿನ ಹುಡುಗರು. 1973ರಲ್ಲಿ ಶೂದ್ರ ಶ್ರೀನಿವಾಸ್ ‘ಶೂದ್ರ’ ತಂದರು. 1981ರಲ್ಲಿ ಅನಂತಮೂರ್ತಿ ‘ರುಜುವಾತು’ ತಂದರು. 2005ರಲ್ಲಿ ವಿವೇಕ ಶಾನಭಾಗ ‘ದೇಶಕಾಲ’ ಶುರು ಮಾಡಿ ಏಳು ವರ್ಷ ನಡೆಸಿ ನಿಲ್ಲಿಸಿದರು. ಇವುಗಳ ಜೊತೆ ನಮಗೆ ಜಗಳ ಇರಬಹುದು, ಆ ಕಾಲದಲ್ಲೂ ಬೇಕಾದಷ್ಟು ಜಗಳ ಇತ್ತು. ಆದರೆ ಇವುಗಳಲ್ಲಿ ಒಂದೂ ‘ಎಲ್ಲರಿಗೂ ಅವಕಾಶ’ ಅಂತ ಬೋರ್ಡು ಹಾಕಿಕೊಂಡು ಹೊರಡಲಿಲ್ಲ. ಪ್ರತಿಯೊಂದಕ್ಕೂ ಒಂದು ರುಚಿ, ಒಂದು ಹಟ ಇತ್ತು. ‘ಇದು ನಮ್ಮಲ್ಲಿ ಬರುತ್ತದೆ, ಅದು ಬರುವುದಿಲ್ಲ’ ಅನ್ನುವುದು ಓದುಗನಿಗೆ ಎರಡನೇ ಸಂಚಿಕೆಗೇ ಗೊತ್ತಾಗುತ್ತಿತ್ತು.

ಹೊಸಬರಿಗಾಗಿಯೇ ಪತ್ರಿಕೆ ಅನ್ನುವುದೂ ಹೊಸ ಯೋಚನೆ ಏನಲ್ಲ. ಕೋಲ್ಕತ್ತಾದಲ್ಲಿ ಸುನೀಲ್ ಗಂಗೋಪಾಧ್ಯಾಯ ಮತ್ತು ಗೆಳೆಯರು 1953ರಲ್ಲಿ ‘ಕೃತ್ತಿಬಾಸ್’ ತಂದದ್ದು ಎಳೆಯ ಕವಿಗಳಿಗಾಗಿ. ಆಗ ಸುನೀಲರಿಗೇ ಇಪ್ಪತ್ತು ತುಂಬಿರಲಿಲ್ಲ. ಅಲ್ಲಿ ಹೊಸಬರಿಗೆ ಜಾಗ ಕೊಟ್ಟವರು ಹಿರಿಯರಲ್ಲ, ಹೊಸಬರೇ. ಹಾಗಾಗಿ ಅವರ ರುಚಿಯೇ ಪತ್ರಿಕೆಯ ರುಚಿಯಾಯಿತು.

ನೀವು ಮೂವರೂ ಕೂತು ಮೊದಲು ಮಾತಾಡಬೇಕಾದ ವಿಷಯ ಇದು: ಈಗಾಗಲೇ ಇರುವ ಜಾಗಗಳು ಮಾಡದ ಯಾವ ಕೆಲಸ ನಾವು ಮಾಡುತ್ತೇವೆ? ‘ಮಯೂರ’, ‘ತುಷಾರ’ಗಳು ಹೊಸಬರ ಕತೆ ಹಾಕುತ್ತವೆ. ದೀಪಾವಳಿ, ಯುಗಾದಿ ಕಥಾಸ್ಪರ್ಧೆಗಳಿವೆ. ಪೂರ್ಣಚಂದ್ರ ತೇಜಸ್ವಿಯವರಂಥವರೇ ಶುರುವಿನಲ್ಲಿ ಪ್ರಜಾವಾಣಿ ದೀಪಾವಳಿ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವರು. ಆನ್‌ಲೈನಿನಲ್ಲಿ ಕೆಂಡಸಂಪಿಗೆ, ಋತುಮಾನ ಇವೆ. ಅಂದರೆ ಪ್ರಕಟಿಸುವ ಜಾಗಕ್ಕೆ ಬರ ಇಲ್ಲ. ಫೇಸ್‌ಬುಕ್ಕಿನಲ್ಲಿ ಯಾರು ಬೇಕಾದರೂ ಈ ಕ್ಷಣವೇ ಪ್ರಕಟವಾಗಬಹುದು.

ಬರ ಇರುವುದು ಎರಡು ಕಡೆ. ಒಂದು, ಉತ್ತರ. ಭಾನುವಾರದ ಪುರವಣಿಗೆ ಕತೆ ಕಳಿಸಿದವರಿಗೆ ‘ಇದು ಯಾಕೆ ಬರಲಿಲ್ಲ’ ಅಂತ ಹೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅವರದು ತಪ್ಪಲ್ಲ, ಬರುವ ರಾಶಿ ಅಷ್ಟಿರುತ್ತದೆ. ಇನ್ನೊಂದು, ಜಾಗದ ಉದ್ದ. ಐದಾರು ಸಾವಿರ ಪದಗಳ ಕತೆಯನ್ನು ಹೊಸಬರಿಂದ ತೆಗೆದುಕೊಳ್ಳುವವರು ಕಡಿಮೆ. ಇವೆರಡನ್ನು ಕೊಟ್ಟರೆ ನಿಮ್ಮ ಪತ್ರಿಕೆಗೆ ಒಂದು ಕಾರಣ ಹುಟ್ಟಿತು ಅಂತ ನನ್ನ ಲೆಕ್ಕ.

‘ಹೊಸಬರು’ ಅಂದರೆ ಯಾರು ಅನ್ನುವುದನ್ನು ವಯಸ್ಸಿನಿಂದ ಅಳೆಯಬೇಡಿ. ‘35 ವರ್ಷದೊಳಗಿನವರು’ ಅಂತ ಹಾಕಿದ ಕೂಡಲೇ ಮಕ್ಕಳು ದೊಡ್ಡವರಾದ ಮೇಲೆ ಬರೆಯಲು ಕೂತ ಗೃಹಿಣಿ, ನಿವೃತ್ತರಾದ ಲೈನ್‌ಮನ್, ಅಂಗನವಾಡಿ ಕಾರ್ಯಕರ್ತೆ ಎಲ್ಲರೂ ಹೊರಗುಳಿಯುತ್ತಾರೆ. ‘ಸ್ವಂತ ಪುಸ್ತಕ ಇನ್ನೂ ಬಂದಿಲ್ಲದವರು, ಅಥವಾ ಒಂದೇ ಪುಸ್ತಕ ಬಂದವರು’ ಅಂದರೆ ಸಾಕು.

ಬರಹ ಕರೆಯುವಾಗ ಕಿಟಕಿ ಚಿಕ್ಕದಿರಲಿ. ವರ್ಷಕ್ಕೆ ಎರಡು ಸಲ, ಒಂದೊಂದು ತಿಂಗಳು ಮಾತ್ರ. ಒಬ್ಬರಿಂದ ಒಂದು ಕತೆ ಅಥವಾ ಮೂರು ಕವಿತೆ, ಅಷ್ಟೇ. ಯೂನಿಕೋಡಿನಲ್ಲಿ, ಇಮೇಲಿನಲ್ಲಿ. ವಾಟ್ಸ್ಯಾಪ್ ನಂಬರು ಕೊಟ್ಟಿರೋ, ಕೆಟ್ಟಿರಿ. ರಾತ್ರಿ ಹನ್ನೊಂದಕ್ಕೆ ಹನಿಗವನ, ಬೆಳಿಗ್ಗೆ ಆರಕ್ಕೆ ‘ಸರ್ ನೋಡಿದ್ರಾ?’ ಶುರುವಾಗುತ್ತದೆ. ಆದರೆ ಮೊಬೈಲಿನಲ್ಲೇ ಬರೆಯುವವರು, ಕೈಬರಹ ಮಾತ್ರ ಬರುವವರು ಇದ್ದಾರೆ ಅನ್ನುವುದು ನೆನಪಿರಲಿ. ಅವರಿಗೆ ಒಂದು ಅಂಚೆ ವಿಳಾಸ ಕೊಡಿ. ಟೈಪ್ ಮಾಡಿಕೊಳ್ಳುವ ಹೊಣೆ ನಿಮ್ಮದು. ಇನ್ನೊಂದು, ಫೇಸ್‌ಬುಕ್ಕಿನಲ್ಲಿ ಹಾಕಿದ್ದು ಪ್ರಕಟವಾದ ಲೆಕ್ಕವೋ ಅಲ್ಲವೋ ಅಂತ ಮೊದಲೇ ಹೇಳಿ. ನಾನಾದರೆ ಲೆಕ್ಕಕ್ಕಿಲ್ಲ ಅನ್ನುತ್ತೇನೆ. ತಿದ್ದಿದ ಮೇಲೆ ಅದು ಬೇರೆಯೇ ಆಗಿರುತ್ತದೆ.

ಕವಿತೆಗಳು ಬೆಟ್ಟದಷ್ಟು ಬರುತ್ತವೆ, ಕತೆ ಅದರ ಅರ್ಧಕ್ಕಿಂತ ಕಡಿಮೆ, ಗದ್ಯ ಬರಹ ಬೆರಳೆಣಿಕೆ. ಸಣ್ಣ ಪತ್ರಿಕೆ ನಡೆಸಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹಾಗಾಗಿ ಗದ್ಯವನ್ನು ನೀವೇ ಹುಡುಕಿಕೊಂಡು ಹೋಗಬೇಕು. ಊರಿನ ಸಂತೆ, ಅಜ್ಜಿಯ ಹೆರಿಗೆ ವಿದ್ಯೆ, ಗಾರ್ಮೆಂಟ್ಸ್ ಹುಡುಗಿಯ ದಿನಚರಿ, ಹೀಗೆ ಗೊತ್ತಾದ ವಿಷಯ ಕೊಟ್ಟು ಬರೆಸಿ. ಒಳ್ಳೆಯ ಪ್ರಬಂಧಕಾರರು ತಾವು ಬರಹಗಾರರು ಅಂತಲೇ ಅಂದುಕೊಂಡಿರುವುದಿಲ್ಲ.

ಓದುವಾಗ ಹೆಸರು, ಊರು, ಫೋಟೋ ತೆಗೆದಿಡಿ. ಹೆಸರಿನ ಜೊತೆ ಜಾತಿ, ಊರಿನ ಜೊತೆ ಸೀಮೆ ತಾನೇ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತವೆ. ಮೂವರಲ್ಲಿ ಇಬ್ಬರು ಬೇರೆ ಬೇರೆ ಕೂತು ಓದಿ ‘ಹೌದು’, ‘ಅಲ್ಲ’, ‘ತಿದ್ದಿದರೆ ಹೌದು’ ಅಂತ ಗುರುತು ಹಾಕಲಿ. ಇಬ್ಬರಿಗೂ ಸುಮಾರಾಗಿ ಹಿಡಿಸಿದ್ದಕ್ಕಿಂತ ಒಬ್ಬರಿಗೆ ತುಂಬ ಹಿಡಿಸಿ ಇನ್ನೊಬ್ಬರಿಗೆ ಸಿಟ್ಟು ಬರಿಸಿದ್ದನ್ನು ಮೊದಲು ಮೇಜಿಗೆ ತನ್ನಿ. ಹೊಸತು ಅಡಗಿರುವುದು ಸಾಮಾನ್ಯವಾಗಿ ಅಲ್ಲೇ.

‘ತಿದ್ದಿದರೆ ಹೌದು’ ಅನ್ನುವ ಕಟ್ಟು ಇದೆಯಲ್ಲ, ನಿಮ್ಮ ಪತ್ರಿಕೆ ಇರುವುದೇ ಅದರಲ್ಲಿ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳ ಬಗ್ಗೆ ಒಂದು ಕತೆ ಬಂತು ಅಂದುಕೊಳ್ಳಿ. ಮೊದಲ ಮೂರು ಪ್ಯಾರಾ ಪೂರ್ತಿ ಸೂರ್ಯೋದಯ, ಹಕ್ಕಿ, ತಂಗಾಳಿ. ನಾಲ್ಕನೆಯದರಲ್ಲಿ ಅವಳು ಸಂಜೆ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಗೆ ಮಜ್ಜಿಗೆ ಸುರಿದುಕೊಳ್ಳುತ್ತಾಳೆ. ಕೊನೆಯಲ್ಲಿ ಲೇಖಕಿ ತಾನೇ ಎದ್ದು ನಿಂತು ಶೋಷಣೆಯ ಬಗ್ಗೆ ಅರ್ಧ ಪುಟ ಭಾಷಣ ಮಾಡುತ್ತಾಳೆ. ಇಂಥ ಕತೆಗೆ ನೀವು ‘ಚೆನ್ನಾಗಿದೆ, ಇನ್ನೂ ಸುಧಾರಿಸಿ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಕತೆ ಮಜ್ಜಿಗೆಯಿಂದ ಶುರುವಾಗುತ್ತದೆ, ಅದಕ್ಕಿಂತ ಮೊದಲಿನದು ಬೇಕಾ ನೋಡಿ. ಭಾಷಣ ತೆಗೆದು ಓದಿಕೊಳ್ಳಿ, ಏನಾದರೂ ಕಳೆದುಹೋಯಿತಾ? ದಲಾಲಿ ಅಂಗಡಿಯವನು ಬರೀ ಕೆಟ್ಟವನಾಗಿದ್ದಾನೆ, ಅವನು ಅವಳ ಜೊತೆ ಒಂದು ಮಾತಾದರೂ ಆಡಲಿ’ ಅಂತ ಬರೆಯಿರಿ. ಫೋನಿನಲ್ಲೂ ಮಾತಾಡಿ. ಆಮೇಲೆ ಸುಮ್ಮನಿರಿ. ನೀವೇ ತಿದ್ದಿ ಬರೆದುಕೊಡಬೇಡಿ. ನೀವು ಬರೆದುಕೊಟ್ಟ ಪ್ಯಾರಾ ಚೆನ್ನಾಗಿಯೇ ಇರಬಹುದು, ಆದರೆ ಅದು ಅವಳದಲ್ಲ. ಮುಂದಿನ ಕತೆಯಲ್ಲಿ ಅದೇ ತೊಂದರೆ ಹಾಗೇ ಬರುತ್ತದೆ.

ಭಾಷೆಯ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಅಲ್ಪಪ್ರಾಣ, ಮಹಾಪ್ರಾಣ, ವಿರಾಮ ಚಿಹ್ನೆ ತಿದ್ದಿ. ‘ಕತೆ’ಯೋ ‘ಕಥೆ’ಯೋ, ‘ಬರಹ’ವೋ ‘ಬರೆಹ’ವೋ ಅಂತ ಒಂದು ಪಟ್ಟಿ ಮಾಡಿ ಇಡೀ ಸಂಚಿಕೆಗೆ ಒಂದೇ ಕ್ರಮ ಇಡಿ. ಆದರೆ ಕಲಬುರಗಿಯ ಹುಡುಗ ‘ಹೋಗ್ಲಕತ್ತಾನ’ ಅಂತ ಬರೆದರೆ ಅದು ತಪ್ಪಲ್ಲ. ಕುಂದಾಪ್ರದ ಮಾತು ಕುಂದಾಪ್ರದ್ದಾಗಿಯೇ ಇರಲಿ. ದೇವನೂರ ಮಹಾದೇವರ ನಂಜನಗೂಡು ಸೀಮೆಯ ಮಾತನ್ನು ಅಂದು ಯಾರಾದರೂ ‘ಸರಿಪಡಿಸಿದ್ದರೆ’ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು, ಅಲ್ವಾ? ಅನುಮಾನ ಬಂದರೆ ಆ ಸೀಮೆಯ ಒಬ್ಬರಿಗೆ ಓದಿಸಿ.

ಬೇಡ ಅನ್ನುವುದಕ್ಕೂ ಒಂದು ಗಡುವು ಇರಲಿ. ಕಿಟಕಿ ಮುಚ್ಚಿ ಆರು ವಾರದೊಳಗೆ ಎಲ್ಲರಿಗೂ ಉತ್ತರ ಹೋಗಬೇಕು. ಎಲ್ಲರಿಗೂ ಉದ್ದದ ಕಾಗದ ಸಾಧ್ಯವಿಲ್ಲ. ‘ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ, ಬೇರೆ ಕಡೆ ಕಳಿಸಲು ನೀವು ಸ್ವತಂತ್ರರು’ ಅನ್ನುವ ಎರಡು ಸಾಲೂ ಮೌನಕ್ಕಿಂತ ಎಷ್ಟೋ ಮೇಲು. ‘ನಿಮ್ಮ ಎರಡನೇ ಕವಿತೆಯ ಕೊನೆಯ ಭಾಗ ನಮಗೆ ಹಿಡಿಸಿತು’ ಅಂತ ಒಂದು ಸಾಲು ಸೇರಿಸಲು ಸಾಧ್ಯವಾದರೆ ಸೇರಿಸಿ. ಸುಳ್ಳು ಹೊಗಳಿಕೆ ಮಾತ್ರ ಬೇಡ. ಅದನ್ನೇ ನಂಬಿ ಅವರು ಅದೇ ಕವಿತೆಯನ್ನು ಇನ್ನೂ ಹತ್ತು ಸಲ ಬರೆಯುತ್ತಾರೆ.

ಈಗಂತೂ ಎಐ ಬರೆದ ಕವಿತೆಗಳೂ ಬರುತ್ತವೆ. ಅದನ್ನು ಹಿಡಿಯುವ ಸಾಫ್ಟ್‌ವೇರನ್ನು ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ. ತಿದ್ದುವ ಮಾತುಕತೆಯೇ ಒಳ್ಳೆಯ ಪರೀಕ್ಷೆ. ತಾನು ಬರೆದದ್ದರ ಬಗ್ಗೆ ಹತ್ತು ನಿಮಿಷ ಮಾತಾಡಲು ಬಾರದವರ ಬರಹ ತಾನಾಗಿ ಉದುರಿಹೋಗುತ್ತದೆ.

ಇನ್ನು ದುಡ್ಡು. ನೀವು ಬ್ಯಾಂಕಿನವರು, ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಒಂದು ಅಂದಾಜು ಮುಂದಿಡುತ್ತೇನೆ. ದರಗಳು ಊರಿಂದೂರಿಗೆ ಬೇರೆ, ನಿಮ್ಮ ಕೊಟೇಶನ್ ಹಾಕಿಕೊಂಡು ತಿದ್ದಿಕೊಳ್ಳಿ.

ಡೆಮಿ 1/8 ಅಳತೆ, 96 ಪುಟ. ಅಂದರೆ 16 ಪುಟದ ಆರು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ಪುಟಗಳು ಫಾರಂ ಲೆಕ್ಕಕ್ಕೆ ಕೂತರೆ ಒಳ್ಳೆಯದು. 98 ಪುಟ ಮಾಡಿ ಪ್ರೆಸ್ಸಿನವರ ಹತ್ತಿರ ಹೋದರೆ ಮುಖ ಸಿಂಡರಿಸುತ್ತಾರೆ. ಒಳಗೆ 70 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಮ್ಯಾಪ್‌ಲಿಥೋ ಕಾಗದ, ಹೊರಗೆ 300 ಜಿಎಸ್ಎಂ ಆರ್ಟ್ ಕಾರ್ಡ್. ಬಣ್ಣ ರಕ್ಷಾಪುಟಕ್ಕೆ ಮಾತ್ರ. 300 ಪ್ರತಿ. ಇಷ್ಟು ಕಡಿಮೆ ಪ್ರತಿಗೆ ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಬೇಕಾಗುವುದಿಲ್ಲ, ಡಿಜಿಟಲ್ ಪ್ರಿಂಟ್ ಸಾಕು. ಪ್ರತಿಗೆ 70 ರೂಪಾಯಿ ಅಂತ ಹಿಡಿದರೆ 21,000. ಡಿಟಿಪಿಗೆ 4,000. ರಕ್ಷಾಪುಟದ ಚಿತ್ರಕ್ಕೆ 2,000. ಹನ್ನೆರಡು ಬರಹಗಾರರಿಗೆ ತಲಾ 500ರಂತೆ 6,000. ಕಳಿಸುವ ಖರ್ಚು 6,000. ಒಟ್ಟು 39,000. ವರ್ಷಕ್ಕೆ ಎರಡು ಸಂಚಿಕೆ ಅಂದರೆ 78,000.

ಬಿಡಿ ಸಂಚಿಕೆಗೆ 150, ವಾರ್ಷಿಕ ಚಂದಾ 250 ಇಡಿ. ಮೊದಲ ವರ್ಷ 150 ಚಂದಾದಾರರು ಸಿಕ್ಕರೆ 37,500 ಬಂತು. ಸಂಚಿಕೆಗೆ 50 ಪ್ರತಿಯಂತೆ ಅಂಗಡಿ, ಮೇಳಗಳಲ್ಲಿ ಹೋದರೆ, ಶೇಕಡಾ 35 ಕಮಿಷನ್ ಕಳೆದು ಸುಮಾರು 9,750. ಒಟ್ಟು 47,250. ಕೊರತೆ ವರ್ಷಕ್ಕೆ 30,750. ನಿಮ್ಮ 60,000 ಹೆಚ್ಚುಕಡಿಮೆ ಎರಡು ವರ್ಷಕ್ಕೆ ಆಯಿತು. ತ್ರೈಮಾಸಿಕ ಮಾಡಿದ್ದರೆ ಖರ್ಚು 1,56,000ಕ್ಕೆ ಹೋಗುತ್ತದೆ. ಚಂದಾ ಹಣವನ್ನು ಅಷ್ಟೇ ಪಟ್ಟು ಏರಿಸಿದರೆ ಹೊಸ ಪತ್ರಿಕೆಗೆ ಯಾರು ಕೊಡುತ್ತಾರೆ? ಮೊದಲಿಗೆ ಎರಡು ಸಂಚಿಕೆ ಅಂದದ್ದಕ್ಕೆ ಇದು ಇನ್ನೊಂದು ಕಾರಣ.

ಹೌದು, ಬರೆದವರಿಗೆ ದುಡ್ಡು ಕೊಡಬೇಕು. 500 ರೂಪಾಯಿ ದೊಡ್ಡ ಮೊತ್ತವಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಬರಹಕ್ಕೆ ಮೊದಲ ಸಲ ದುಡ್ಡು ಬಂದದ್ದನ್ನು ಯಾರೂ ಮರೆಯುವುದಿಲ್ಲ. ಜೊತೆಗೆ ಎರಡು ಗೌರವ ಪ್ರತಿ. ಡಿಟಿಪಿ ಗೆಳೆಯನಿಗೂ ಕೊಡಿ. ಸ್ನೇಹಕ್ಕೆ ಅಂತ ಮೊದಲ ಸಂಚಿಕೆ ಪುಕ್ಕಟೆ ಮಾಡಿದವನು ಮೂರನೆಯದಕ್ಕೆ ‘ಮದುವೆ ಕಾರ್ಡಿನ ಸೀಸನ್ನು’ ಅನ್ನುತ್ತಾನೆ. ಅದು ನ್ಯಾಯವೇ, ಅವನ ಹೊಟ್ಟೆಪಾಡು ಅದು.

ಆಜೀವ ಚಂದಾ ಮಾತ್ರ ತೆಗೆದುಕೊಳ್ಳಬೇಡಿ. ಮೊದಲ ತಿಂಗಳು ಕೈತುಂಬ ಹಣ ಕಾಣುತ್ತದೆ. ಆಮೇಲೆ ಬದುಕಿರುವವರೆಗೂ ಪ್ರತಿ ಕಳಿಸುವ ಸಾಲ. ಬರೆಯುವವರಿಂದ ಹಣ ತೆಗೆದುಕೊಳ್ಳುವುದೂ ಬೇಡ. ‘ಪ್ರಾತಿನಿಧಿಕ ಕವನ ಸಂಕಲನ’ ಅಂತ ಕವಿಗಳಿಂದಲೇ ತಲಾ ಇಷ್ಟು ವಸೂಲಿ ಮಾಡಿ, ಅವರಿಗೇ ಪ್ರತಿ ಮಾರಿ, ಜೊತೆಗೊಂದು ಪ್ರಮಾಣಪತ್ರ ಕೊಡುವ ವ್ಯಾಪಾರ ನೀವೂ ನೋಡಿರುತ್ತೀರಿ. ಪ್ರವೇಶ ಶುಲ್ಕ ಇಟ್ಟು ಸ್ಪರ್ಧೆ ಮಾಡಿದರೂ ಜನ ನಿಮ್ಮನ್ನು ಅದೇ ಸಾಲಿಗೆ ಸೇರಿಸುತ್ತಾರೆ. ಜಾಹೀರಾತು ಬಂದರೆ ಬರಲಿ. ಊರಿನ ಪುಸ್ತಕದಂಗಡಿ, ಖಾನಾವಳಿ, ಟುಟೋರಿಯಲ್, ಯಾರಾದರೂ ಸರಿ. ಆದರೆ ಜಾಹೀರಾತು ಕೊಟ್ಟವರ ಮಗನ ಕವಿತೆಯೂ ಜೊತೆಗೇ ಬರುತ್ತದೆ, ಹುಷಾರು.

ನೋಂದಣಿಯ ವಿಷಯ. 1867ರ ಹಳೆಯ ಕಾನೂನಿನ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪತ್ರಿಕೆಗಳನ್ನು ನೋಂದಾಯಿಸುವ, ನಾವು ಆರ್‌ಎನ್‌ಐ ಅನ್ನುತ್ತಿದ್ದ ಕಚೇರಿ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿ. ಹೆಸರು ಪಡೆಯುವುದು, ನೋಂದಣಿ ಎರಡೂ ಒಟ್ಟಿಗೆ ಪ್ರೆಸ್ ಸೇವಾ ಪೋರ್ಟಲಿನಲ್ಲಿ ಆಗುತ್ತವೆ. ಕಾಯ್ದೆಯ ಪ್ರಕಾರ ನಿಯತಕಾಲಿಕ ಅಂದರೆ ಗೊತ್ತಾದ ಅಂತರದಲ್ಲಿ ಅಚ್ಚಾಗಿ ಬರುವ, ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಅಭಿಪ್ರಾಯ ಇರುವ ಪ್ರಕಟಣೆ. ಪುಸ್ತಕ ಅದರಲ್ಲಿ ಸೇರುವುದಿಲ್ಲ. ಬರೀ ಕತೆ, ಕವಿತೆ ಇದ್ದರೆ ನಮಗೆ ಅನ್ವಯಿಸುವುದಿಲ್ಲ ಅಂತ ವಾದ ಮಾಡಬಹುದು. ಆದರೆ ಸಂಪಾದಕೀಯದಲ್ಲಿ ಬರಗಾಲದ ಬಗ್ಗೆಯೋ ಸರ್ಕಾರಿ ಶಾಲೆ ಮುಚ್ಚಿದ್ದರ ಬಗ್ಗೆಯೋ ಬರೆದಿರಿ, ಆ ವಾದ ಅಲ್ಲಿಗೆ ಮುಗಿಯಿತು. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಅಂತ ಹಿಂಬದಿಯಲ್ಲಿ ಅಚ್ಚು ಹಾಕುವ ರೂಢಿ ಇದೆ. ಅಂಗಡಿಯಲ್ಲಿಟ್ಟು ಮಾರುತ್ತಾ ಆ ಸಾಲನ್ನು ನಂಬಿ ಕೂರಬೇಡಿ.

ನನ್ನ ಸಲಹೆ: ಮೊದಲ ಸಂಚಿಕೆಯನ್ನು ಪುಸ್ತಕವಾಗಿಯೇ ತನ್ನಿ. ಹೊಸಬರ ಬರಹಗಳ ಸಂಕಲನ ಅಂತ. ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, ನಮ್ಮ ದೇಶದಲ್ಲಿ ಉಚಿತ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯ ಮೂಲಕ ಸಿಗುತ್ತದೆ. ಅದರ ಜೊತೆಜೊತೆಗೆ ಪತ್ರಿಕೆಯ ಹೆಸರಿಗೆ ಅರ್ಜಿ ಹಾಕಿ. ಹೆಸರು ಆರಿಸುವಾಗ ಕನ್ನಡದಲ್ಲಿ ಅದೇ ಅಥವಾ ಅದರ ಹತ್ತಿರದ ಹೆಸರು ಇರಬಾರದು. ಹತ್ತಾರು ವರ್ಷಗಳಿಂದ ಚಂದದ ಹೆಸರುಗಳನ್ನೆಲ್ಲ ಯಾರೋ ಹಿಡಿದಿಟ್ಟುಕೊಂಡಿದ್ದಾರೆ. ಹಾಗಾಗಿ ನಾಲ್ಕೈದು ಹೆಸರು ಇಟ್ಟುಕೊಳ್ಳಿ. ಹೆಸರು ಸಿಗುವ ಮೊದಲು ಲೋಗೋ ಮಾಡಿಸಬೇಡಿ. ನೋಂದಣಿಯಾದ ಮೇಲೆ ವರ್ಷಕ್ಕೊಮ್ಮೆ ವಿವರ ಸಲ್ಲಿಸುವುದು ಮರೆಯಬಾರದು.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ನೀವು ಸರ್ಕಾರಿ ಸ್ವಾಮ್ಯದ ಬ್ಯಾಂಕಿನವರಾಗಿದ್ದರೆ, ನಿಮ್ಮ ಗೆಳತಿ ಸರ್ಕಾರಿ ಕಾಲೇಜಿನವರಾಗಿದ್ದರೆ, ಪತ್ರಿಕೆಯ ಸಂಪಾದನೆ ಅಥವಾ ಆಡಳಿತದಲ್ಲಿ ಹೆಸರು ಹಾಕಿಕೊಳ್ಳುವ ಮೊದಲು ಇಬ್ಬರೂ ಮೇಲಿನವರ ಲಿಖಿತ ಅನುಮತಿ ಪಡೆಯಬೇಕು. ನಡತೆ ನಿಯಮಗಳಲ್ಲಿ ಇದು ಇದೆ. ಪ್ರಕಾಶಕನಾಗಿ ಡಿಟಿಪಿ ಗೆಳೆಯ ಇರಲಿ. ಹಣಕ್ಕೆ ಬೇರೆಯೇ ಖಾತೆ ಇರಲಿ, ಯಾರ ಸಂಬಳದ ಖಾತೆಗೂ ಚಂದಾ ಬರಬಾರದು.

ನಿಯತಕಾಲಿಕಗಳಿಗೆ ಕೊಡುವ ಗುರುತಿನ ಸಂಖ್ಯೆ, ಐಎಸ್‌ಎಸ್‌ಎನ್ ಬೇಕೇ? ಅದೂ ಉಚಿತವೇ. ಆದರೆ ಸಿಕ್ಕ ಕೂಡಲೇ ಬಡ್ತಿಗಾಗಿ ಬರೆದ ‘ಸಂಶೋಧನಾ ಲೇಖನ’ಗಳು ಸಾಲುಗಟ್ಟುತ್ತವೆ. ಅಧ್ಯಾಪಕರ ಬಗ್ಗೆ ನನಗೆ ಕೋಪವಿಲ್ಲ, ಅವರ ಕಷ್ಟ ಅವರಿಗೆ. ಕತೆ, ಕವಿತೆಯ ಪತ್ರಿಕೆಗೆ ಮಾತ್ರ ಅದರಿಂದ ಲಾಭವಿಲ್ಲ.

ಕಳಿಸುವ ಖರ್ಚು 6,000 ಅಂದೆನಲ್ಲ, ನಿಜವಾದ ತಲೆನೋವು ಅಲ್ಲಿದೆ. ಪತ್ರಿಕೆಗಳಿಗೆ ಅಂಚೆಯಲ್ಲಿ ಸಿಗುತ್ತಿದ್ದ ರಿಯಾಯಿತಿ ಮೊದಲಿನಿಂದಲೂ 31 ದಿನದೊಳಗೆ ಒಮ್ಮೆ ಬರುವ ನೋಂದಾಯಿತ ಪತ್ರಿಕೆಗಳಿಗೆ. ತ್ರೈಮಾಸಿಕವಾಗಲಿ ಅರ್ಧವಾರ್ಷಿಕವಾಗಲಿ ಅದರಲ್ಲಿ ಬರುವುದಿಲ್ಲ. ಪುಸ್ತಕಗಳನ್ನು ಅಗ್ಗವಾಗಿ ಕಳಿಸಬಹುದಾಗಿದ್ದ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಬಂದ ‘ಜ್ಞಾನ ಪೋಸ್ಟ್’ 300 ಗ್ರಾಂವರೆಗೆ 20 ರೂಪಾಯಿಯಿಂದ, ತೆರಿಗೆ ಬೇರೆ, ಶುರುವಾಯಿತು. ಆದರೆ ಅದು ಪುಸ್ತಕಗಳಿಗೆ. ನಿಯತಕಾಲಿಕಗಳನ್ನು, ಜಾಹೀರಾತು ಇರುವುದನ್ನು ಅದರಲ್ಲಿ ತೆಗೆದುಕೊಳ್ಳುವುದಿಲ್ಲ. ಸ್ಪೀಡ್ ಪೋಸ್ಟ್ ಮಾಡಿದರೆ ಊರಾಚೆಗೆ ಒಂದು ಪ್ರತಿಗೆ ಐವತ್ತು ದಾಟುತ್ತದೆ. ಅಚ್ಚಿಗೆ ಎಪ್ಪತ್ತು, ಕಳಿಸಲು ಐವತ್ತರ ಮೇಲೆ, ಇದು ಆಗುವ ಮಾತಲ್ಲ. ಮೊದಲ ಸಂಚಿಕೆ ಜಾಹೀರಾತಿಲ್ಲದ ಪುಸ್ತಕವಾಗಿರಲಿ ಅಂದದ್ದಕ್ಕೆ ಇದೂ ಒಂದು ಕಾರಣ. ಮೇಲೆ ಹೇಳಿದ ಅಳತೆಯ ಪ್ರತಿ ಸುಮಾರು 120 ಗ್ರಾಂ ತೂಗುತ್ತದೆ. ಒಂದು ಡಮ್ಮಿ (ಖಾಲಿ ಮಾದರಿ ಪ್ರತಿ) ಮಾಡಿ, ಲಕೋಟೆಗೆ ಹಾಕಿ, ಹೆಡ್ ಪೋಸ್ಟ್ ಆಫೀಸಿಗೆ ಒಯ್ದು ಕೇಳಿ. ದರಗಳು ಬದಲಾಗುತ್ತಲೇ ಇರುತ್ತವೆ.

ಎರಡನೆಯ ಸಂಚಿಕೆಯಿಂದ ಊರಿಗೊಬ್ಬ ಗೆಳೆಯನನ್ನು ಹುಡುಕಿ. ಧಾರವಾಡ, ದಾವಣಗೆರೆ, ಶಿವಮೊಗ್ಗ, ಕಲಬುರಗಿ, ಮೈಸೂರು, ಬೆಂಗಳೂರು. ಹತ್ತಿಪ್ಪತ್ತು ಪ್ರತಿಯ ಕಟ್ಟು ಬಸ್ ಪಾರ್ಸೆಲ್ಲಿಗೆ ಹಾಕಿ, ಅಲ್ಲಿ ಅವರು ಹಂಚಲಿ. ಆ ಗೆಳೆಯನೇ ಮುಂದೆ ನಿಮ್ಮ ಮೊದಲ ಓದುಗ, ಮೊದಲ ಜಗಳಗಂಟ, ಆ ಸೀಮೆಯ ಹೊಸಬರನ್ನು ತೋರಿಸುವವನೂ ಆಗುತ್ತಾನೆ. ಮೇಳಗಳನ್ನು ಬಿಡಬೇಡಿ. 2023ರ ಜನವರಿಯಲ್ಲಿ ನಿಮ್ಮ ಹಾವೇರಿಯಲ್ಲೇ 86ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಂಥ ಕಡೆ ಪ್ರಕಾಶಕರೊಬ್ಬರ ಮಳಿಗೆಯ ಮೂಲೆಯಲ್ಲಿ ಒಂದು ಮೇಜು ಕೇಳಿ ಪಡೆದರೂ ಸಾಕು. ಅಂಗಡಿಗಳಿಗೆ ಕೊಡುವಾಗ ಐದೈದೇ ಪ್ರತಿ ಕೊಡಿ, ರಸೀದಿ ಬರೆಸಿಕೊಳ್ಳಿ.

ಅಚ್ಚೋ ಆನ್‌ಲೈನೋ ಅನ್ನುವುದಕ್ಕೆ ಉತ್ತರ ಬಂದೇಬಿಟ್ಟಿತು. ಅಚ್ಚು ಮಾಡಿ, ಪ್ರತಿ ಸಂಚಿಕೆಯಿಂದ ಮೂರ್ನಾಲ್ಕು ಬರಹ ಮಾತ್ರ ಜಾಲತಾಣಕ್ಕೆ ಹಾಕಿ. ಪೂರ್ತಿ ಪಿಡಿಎಫ್ ಆರು ತಿಂಗಳ ಮೇಲೆ. ಎಷ್ಟೋ ಕನ್ನಡ ತಾಣಗಳು ಡೊಮೇನ್ ಹಣ ಕಟ್ಟದೆ ಮಾಯವಾಗಿವೆ, ಅಲ್ಲಿ ಬರೆದವರ ಹತ್ತಿರವೂ ಪ್ರತಿ ಇಲ್ಲ. ಅಚ್ಚಾದ ಪುಸ್ತಕವನ್ನು 1954ರ ಕಾಯ್ದೆಯಂತೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಇತರ ಮೂರು ಗ್ರಂಥಾಲಯಗಳಿಗೆ ಕಳಿಸಬೇಕು. ಕಾಟಾಚಾರ ಅಂದುಕೊಳ್ಳಬೇಡಿ, ಐವತ್ತು ವರ್ಷದ ಮೇಲೆ ನಿಮ್ಮ ಸಂಚಿಕೆ ಸಿಗುವುದು ಅಲ್ಲೇ.

ಡಿಟಿಪಿ ಗೆಳೆಯನಿಗೊಂದು ಮಾತು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟು, ಪೇಜ್‌ಮೇಕರ್ ಬಿಟ್ಟು ಯೂನಿಕೋಡಿನಲ್ಲೇ ಪುಟ ಕಟ್ಟಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹಾರುತ್ತವೆ. ಕರಡನ್ನು ಕಾಗದದ ಮೇಲೆ ತೆಗೆದು, ಅದುವರೆಗೆ ಆ ಬರಹ ನೋಡೇ ಇಲ್ಲದ ಒಬ್ಬರಿಂದ ಓದಿಸಿ. ಬರೆದವರಿಗೂ ಒಮ್ಮೆ ತೋರಿಸಿ.

ಹಕ್ಕುಗಳ ಬಗ್ಗೆ ಅರ್ಧ ಪುಟದ ಕಾಗದ ಸಾಕು: ಮೊದಲ ಪ್ರಕಟಣೆಯ ಹಕ್ಕು ಮತ್ತು ಜಾಲತಾಣದಲ್ಲಿ ಇಡುವ ಹಕ್ಕು ಪತ್ರಿಕೆಗೆ, ಉಳಿದದ್ದೆಲ್ಲ ಬರೆದವರಿಗೆ. ಹಕ್ಕು ಬರೆಸಿಕೊಳ್ಳುವಾಗ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ, ಹಾಗಾಗಿ ಅವಧಿ ಬರೆದೇ ಇಡಿ. ಅನುವಾದ ಹಾಕುವಾಗ ಮೂಲದವರ ಒಪ್ಪಿಗೆ ಕಾಗದ ನೋಡದೆ ಹಾಕಬೇಡಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ.

ಕೊನೆಯ ಪ್ರಶ್ನೆ, ದೊಡ್ಡ ಹೆಸರುಗಳು. ದೊಡ್ಡವರ ಹೆಸರು ನೋಡಿ ಮೊದಲ ಸಂಚಿಕೆ ಹತ್ತಿಪ್ಪತ್ತು ಪ್ರತಿ ಜಾಸ್ತಿ ಹೋಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವರು ಕೊಡುವುದು ಮೇಜಿನ ಖಾನೆಯಲ್ಲಿ ಉಳಿದದ್ದನ್ನು. ಅದನ್ನು ತಿದ್ದಿ ಅನ್ನಲು ನಿಮಗೆ ಧೈರ್ಯ ಸಾಲದು. ಅದು ಮೊದಲ ಪುಟದಲ್ಲಿ ಕೂರುತ್ತದೆ, ನಿಮ್ಮ ಹೊಸಬರು ಹಿಂದಿನ ಪುಟಗಳಿಗೆ ಸರಿಯುತ್ತಾರೆ. ಅದರ ಬದಲು ಹಿರಿಯರೊಬ್ಬರಿಂದ ಬೇರೆ ಕೆಲಸ ಕೇಳಿ. ಆಯ್ಕೆಯಾದ ಮೂರು ಕತೆ ಅವರಿಗೆ ಕೊಟ್ಟು, ಬರೆದವರನ್ನೂ ಕರೆದು, ಒಂದು ಮಧ್ಯಾಹ್ನ ಕಾಲೇಜಿನ ಕೋಣೆಯಲ್ಲಿ ಕೂತು ಆ ಕತೆಗಳ ಮೇಲೆ ಮಾತಾಡಿಸಿ. ನಿಜವಾದ ಆಸಕ್ತಿ ಇರುವ ಹಿರಿಯರು ಖುಷಿಯಿಂದ ಬರುತ್ತಾರೆ. ಬಿಡುಗಡೆ ಸಮಾರಂಭಕ್ಕೆ ಬದಲಾಗಿ ಅದನ್ನೇ ಮಾಡಿ. ಹಾರ, ಶಾಲು, ಬ್ಯಾನರು, ಅಧ್ಯಕ್ಷರ ಭಾಷಣಕ್ಕೆ ಖರ್ಚಾಗುವ ಹತ್ತು ಸಾವಿರದಲ್ಲಿ ಇಪ್ಪತ್ತು ಬರಹಗಾರರಿಗೆ ಸಂಭಾವನೆ ಕೊಡಬಹುದು. ಊಟ ಮಾತ್ರ ಹಾಕಿಸಿ. ದೂರದ ಊರಿಂದ ಬಸ್ ಹತ್ತಿ ಬಂದವರನ್ನು ಬರೀ ಚಹಾ ಕೊಟ್ಟು ಕಳಿಸಬೇಡಿ.